ಕವಚ ಡಾಕ್ಟರಿಗೆ, ಬಿಲ್ಲು ರೋಗಿಗೆ

ಹೆದ್ದಾರಿಯ ಎರಡೂ ಪಕ್ಕದಲ್ಲಿ ಖಾಸಗಿ ಆಸ್ಪತ್ರೆಗಳ ಫಲಕಗಳು ಎದ್ದು ನಿಂತಿವೆ. ಹಿಂದೆ ಅವುಗಳ ಮೇಲೆ ಡಾಕ್ಟರ ಹೆಸರು, ಅವರ ಪದವಿ, ಅವರು ಓದಿ ಬಂದ ವಿಲಾಯಿತಿಯ ಊರು ಇರುತ್ತಿದ್ದವು. ಈಗ ಆ ಜಾಗದಲ್ಲಿ ರೋಬೋಟ್ ಬಂದು ಕೂತಿದೆ. ಮಂಡಿಗೆ ರೋಬೋಟ್, ಹೊಟ್ಟೆಗೆ ರೋಬೋಟ್, ಕಡೆಗೆ ಹೃದಯಕ್ಕೂ ರೋಬೋಟ್. ಪೇಟೆಯ ಜವಳಿ ವ್ಯಾಪಾರಿ ಮಿತ್ರರೊಬ್ಬರು ನಮ್ಮನ್ನು ಕೇಳಿದರು: “ಎದೆಯ ನಾಳ ಕಟ್ಟಿಕೊಂಡರೆ ರೋಬೋಟ್ ಇರೋ ಕಡೆಗೇ ಹೋಗಬೇಕಂತಲ್ಲ ಸ್ವಾಮಿ, ಕೈಯಿಂದ ಮಾಡೋದು ಹಳೇ ಕಾಲದ್ದಂತಲ್ಲ, ನಿಜವೆ?”

ನಿಜವಲ್ಲ. ಏಕೆ ನಿಜವಲ್ಲವೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲೇ ಒಂದು ಮಾತು. ನಾವು ಯಂತ್ರದ ಶತ್ರುಗಳಲ್ಲ. ಸಮಾಜವಾದಿಗಳೆಂದರೆ ಹೊಸದನ್ನು ಕಂಡರೆ ಕಲ್ಲು ಬೀಸುವವರು ಎಂದು ಗೇಲಿ ಮಾಡುವ ಮಹನೀಯರು ಎಲ್ಲ ಕಾಲದಲ್ಲೂ ಇದ್ದಾರೆ. ಗಿರಣಿಯಲ್ಲಿ ದುಡಿದವನಿಗೆ ಯಂತ್ರದ ಬೆಲೆ ಗೊತ್ತಿದೆ; ಅದರ ಹಲ್ಲೂ ಗೊತ್ತಿದೆ. ಹೊಸ ಮಗ್ಗ ಬಂದಾಗಲೆಲ್ಲ ಕಾರ್ಮಿಕ ಸಂಘಗಳು ಕೇಳುತ್ತ ಬಂದ ಪ್ರಶ್ನೆಯೊಂದಿದೆ: ಇದರಿಂದ ಯಾರ ಬೆನ್ನು ಹಗುರಾಯಿತು, ಅದಕ್ಕಾಗಿ ಯಾರ ಜೇಬಿಗೆ ಕತ್ತರಿ ಬಿತ್ತು? ಆಸ್ಪತ್ರೆಯ ಯಂತ್ರಕ್ಕೂ ನಾವು ಅದೇ ಪ್ರಶ್ನೆಯನ್ನು ಹಾಕುತ್ತೇವೆ. ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿಯ ಜೊತೆಗೆ ಪ್ರಶ್ನೆಯನ್ನೂ ಬಿಟ್ಟು ಒಳಗೆ ಹೋಗಬೇಕೆಂಬ ಕಾಯಿದೆಯೇನೂ ಇಲ್ಲ.

ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೃದಯವೂ ಒಂದು ಸ್ನಾಯು. ಅದಕ್ಕೂ ರಕ್ತ ಬೇಕು. ಆ ರಕ್ತವನ್ನು ತರುವ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಕೂತು ದಾರಿ ಕಿರಿದಾದರೆ, ನಾಲ್ಕು ಹೆಜ್ಜೆ ನಡೆದೊಡನೆ ಎದೆ ಹಿಡಿಯುತ್ತದೆ. ಆ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚಿದರೆ ಅದೇ ಹೃದಯಾಘಾತ. 1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಎಂಬ ಡಾಕ್ಟರು ಎಚ್ಚರವಾಗಿದ್ದ ರೋಗಿಯ ರಕ್ತನಾಳದೊಳಗೆ ಸಣ್ಣ ಕೊಳವೆಯನ್ನು ತೂರಿಸಿ, ಅದರ ತುದಿಯ ಬಲೂನನ್ನು ಹೃದಯದ ನಾಳದಲ್ಲಿ ಉಬ್ಬಿಸಿ ದಾರಿ ಬಿಡಿಸಿದರು. ಎದೆ ಸೀಳದೆ ಆದ ಕೆಲಸ. ಅದಕ್ಕೇ ಆಂಜಿಯೋಪ್ಲಾಸ್ಟಿ ಎಂದು ಹೆಸರು. ಬಿಡಿಸಿದ ದಾರಿ ಮತ್ತೆ ಕೂಡಿಕೊಳ್ಳದಂತೆ ಲೋಹದ ಜಾಲರಿಯ ಕೊಳವೆಯನ್ನು ಇಡುವ ಪದ್ಧತಿ ಆಮೇಲೆ ಬಂತು, ಅದೇ ಸ್ಟೆಂಟ್.

ಈ ಕೆಲಸವನ್ನು ಡಾಕ್ಟರು ಕಣ್ಣಾರೆ ಕಂಡು ಮಾಡುವುದಿಲ್ಲ. ಎಕ್ಸ್‌ರೇ ಪರದೆಯ ಮೇಲೆ ನೆರಳನ್ನು ನೋಡುತ್ತ ಮಾಡುತ್ತಾರೆ. ಮೇಜಿನ ಮೇಲೆ ರೋಗಿ, ಅವನ ಸುತ್ತ ಎಕ್ಸ್‌ರೇ ಕಿರಣ, ಪಕ್ಕದಲ್ಲಿ ಸೀಸದ ಭಾರದ ಅಂಗಿ ತೊಟ್ಟು ನಿಂತ ಡಾಕ್ಟರು, ನರ್ಸು, ತಂತ್ರಜ್ಞ. ರೋಬೋಟ್ ಮಾಡುವುದಿಷ್ಟೆ: ಮಂಚದ ಪಕ್ಕದಲ್ಲಿ ಒಂದು ಯಾಂತ್ರಿಕ ತೋಳು, ಅದರಲ್ಲಿ ಒಂದೇ ಸಾರಿ ಬಳಸಿ ಎಸೆಯುವ ಒಂದು ಪೆಟ್ಟಿಗೆ. ತಂತಿಯನ್ನೂ ಬಲೂನನ್ನೂ ಸ್ಟೆಂಟನ್ನೂ ಆ ಪೆಟ್ಟಿಗೆ ಹಿಡಿದು ಮುಂದೆ ತಳ್ಳುತ್ತದೆ, ಹಿಂದೆ ಎಳೆಯುತ್ತದೆ, ತಿರುಗಿಸುತ್ತದೆ. ಡಾಕ್ಟರು ಕಿರಣ ತಾಗದ ಮರೆಯಲ್ಲಿ ಕುರ್ಚಿಯ ಮೇಲೆ ಕೂತು ಹಿಡಿಕೆ ಅಲ್ಲಾಡಿಸುತ್ತಾರೆ. ಯಂತ್ರಕ್ಕೆ ಬುದ್ಧಿಯಿಲ್ಲ, ತೀರ್ಮಾನವಿಲ್ಲ. ರೋಗಿಯ ಮಣಿಕಟ್ಟಿನಲ್ಲೋ ತೊಡೆಯಲ್ಲೋ ನಾಳ ಚುಚ್ಚಿ ಕೊಳವೆ ಇಳಿಸುವುದು ಮನುಷ್ಯನ ಕೈಯೇ. ರೋಬೋಟ್ ಆಪರೇಷನ್ ಮಾಡುತ್ತದೆ ಎಂಬ ಮಾತು, ಹಗ್ಗ ಎಳೆದವನನ್ನು ಬಿಟ್ಟು ರಾಟೆಯೇ ನೀರು ಸೇದಿತು ಎಂದಂತೆ.

ಇನ್ನು ಇದರ ಗುಣ. ಇಸ್ರೇಲಿನ ಹೈಫಾದ ರಫಾಯಲ್ ಬೇಯರ್ ಮತ್ತು ಸಂಗಡಿಗರು ಇಂಥ ಯಂತ್ರದಿಂದ 18 ರೋಗಿಗಳಿಗೆ ಚಿಕಿತ್ಸೆ ನಡೆಸಿ 2006ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಅಮೇರಿಕದ ಕೊರಿಂಡಸ್ ಎಂಬ ಕಂಪನಿ ಕೋರ್‌ಪಾತ್ ಎಂಬ ಯಂತ್ರವನ್ನು ತಯಾರಿಸಿತು. ಅದರ ಪರೀಕ್ಷೆ 9 ಆಸ್ಪತ್ರೆಗಳಲ್ಲಿ 164 ರೋಗಿಗಳ ಮೇಲೆ ನಡೆಯಿತು. 2012ರಲ್ಲಿ ಅಮೇರಿಕ ಸರ್ಕಾರದ ಅಪ್ಪಣೆ ಸಿಕ್ಕಿತು. 2013ರಲ್ಲಿ ಅಂಕಿಅಂಶ ಅಚ್ಚಾಯಿತು. ನೂರಕ್ಕೆ 97.6 ಮಂದಿಯಲ್ಲಿ ಚಿಕಿತ್ಸೆ ಗೆಲುವು. ಮೇಜಿನ ಪಕ್ಕದಲ್ಲಿ ಬೀಳುವ ಕಿರಣಕ್ಕೆ ಹೋಲಿಸಿದರೆ ಕುರ್ಚಿಯಲ್ಲಿ ಕೂತ ಡಾಕ್ಟರ ಕಡೆಗೆ ಬಿದ್ದದ್ದು ನೂರಕ್ಕೆ 95.2ರಷ್ಟು ಕಡಿಮೆ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡನೆಯದರಲ್ಲಿ ಹೋಲಿಕೆಯಿದೆ: ಇಲ್ಲಿಷ್ಟು, ಅಲ್ಲಿಷ್ಟು. ಮೊದಲನೆಯದರಲ್ಲಿ ಹೋಲಿಕೆಯೇ ಇಲ್ಲ! ಆ ಪರೀಕ್ಷೆಯಲ್ಲಿ ಕೈಯಿಂದ ಚಿಕಿತ್ಸೆ ಪಡೆದ ರೋಗಿಗಳ ಗುಂಪೇ ಇರಲಿಲ್ಲ. ಆರಿಸಿಕೊಂಡದ್ದು ಬಹುತೇಕ ಸರಳವಾದ ಅಡಚಣೆಗಳನ್ನು. ಮಗ್ಗ ಮಾರಲು ಬಂದವನೊಬ್ಬ ಒಳ್ಳೆಯ ನಯವಾದ ನೂಲನ್ನು ತಾನೇ ತಂದು, ಹಳೆಯ ಮಗ್ಗವನ್ನು ಪಕ್ಕಕ್ಕೆ ನಿಲ್ಲಿಸದೆ, “ನೋಡಿ, ನೂರು ಗಜಕ್ಕೆ ಎರಡೇ ಗಜ ಕೆಟ್ಟಿತು” ಎಂದರೆ ನಮ್ಮ ನೇಯ್ಗೆಯ ಮೇಸ್ತ್ರಿ ಏನೆನ್ನುತ್ತಾನೆ? ನಮ್ಮ ಹಳೆಯ ಮಗ್ಗದಲ್ಲಿ ಇದೇ ನೂಲು ಹಾಕಿದ್ದರೆ ಎಷ್ಟು ಕೆಡುತ್ತಿತ್ತು, ಅದನ್ನು ಮೊದಲು ಹೇಳಪ್ಪಾ ಎನ್ನುತ್ತಾನೆ.

ಆಮೇಲಿನ ವರದಿಗಳಲ್ಲಿ ಕಠಿಣ ಪ್ರಸಂಗಗಳೂ ಸೇರಿದವು. ಅಮೇರಿಕದ ಸ್ಯಾನ್ ಡಿಯೇಗೊದಲ್ಲಿ ರೋಬೋಟಿನಿಂದ ಮಾಡಿದ 108 ಚಿಕಿತ್ಸೆಗಳನ್ನು ಕೈಯಿಂದ ಮಾಡಿದ 226ರೊಂದಿಗೆ ಹೋಲಿಸಿ 2017ರಲ್ಲಿ ಬರೆದರು. ಗೆಲುವು ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ಆದರೆ ರೋಬೋಟಿನ ಗುಂಪಿನಲ್ಲಿ ನೂರಕ್ಕೆ 11.1ರಲ್ಲಿ ಸ್ವಲ್ಪ ಭಾಗಕ್ಕೆ ಕೈ ಹಚ್ಚಬೇಕಾಯಿತು, ನೂರಕ್ಕೆ 7.4ರಲ್ಲಿ ಯಂತ್ರವನ್ನು ಪೂರ್ತಿ ಬಿಟ್ಟು ಕೈಯಿಂದಲೇ ಮುಗಿಸಬೇಕಾಯಿತು. ಯಾವ ರೋಗಿಗೆ ಯಂತ್ರ, ಯಾವ ರೋಗಿಗೆ ಕೈ ಎಂಬುದನ್ನು ಅಲ್ಲಿ ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಅದೇ ಕಂಪನಿಯ ಎರಡನೆಯ ತಲೆಮಾರಿನ ಯಂತ್ರದಿಂದ 20 ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದ 980 ರೋಗಿಗಳ ಲೆಕ್ಕದಲ್ಲಿ ಚಿಕಿತ್ಸೆಯ ಗೆಲುವು ನೂರಕ್ಕೆ 97.8, ಯಂತ್ರ ತಾನೇ ಕೆಲಸ ಮುಗಿಸಿದ್ದು ನೂರಕ್ಕೆ 89.8. ಅಂದರೆ ಹತ್ತರಲ್ಲಿ ಒಂದರಂತೆ ಮನುಷ್ಯನ ಕೈ ನೆರವಿಗೆ ಬರಬೇಕಾಯಿತು. ಫ್ರಾನ್ಸಿನ ಇನ್ನೊಂದು ಯಂತ್ರವನ್ನು ಯೂರೋಪಿನಲ್ಲಿ 62 ಜನರ ಮೇಲೆ ಪರೀಕ್ಷಿಸಿದರು. ಅಲ್ಲಿಯೂ ಕಥೆ ಇಂಥದ್ದೇ.

ಇದರಿಂದ ಏನು ತಿಳಿಯುತ್ತದೆ? ಪಳಗಿದ ಡಾಕ್ಟರ ಕೈಯಲ್ಲಿ, ಆರಿಸಿದ ರೋಗಿಗಳಲ್ಲಿ, ಈ ಯಂತ್ರ ಅಪಾಯಕಾರಿಯಲ್ಲ. ಇದನ್ನು ನಾವು ಒಪ್ಪುತ್ತೇವೆ. ಯಂತ್ರದ ಮೇಲೆ ಸುಳ್ಳು ಆರೋಪ ಹೊರಿಸುವುದು ನಮ್ಮ ಕೆಲಸವಲ್ಲ. ಅದು ತಂತಿಯನ್ನು ಮಿಲ್ಲಿಮೀಟರಿನ ಲೆಕ್ಕದಲ್ಲಿ ಸರಿಸಬಲ್ಲದು, ಅಡಚಣೆಯ ಉದ್ದವನ್ನು ನಿಖರವಾಗಿ ಅಳೆಯಬಲ್ಲದು. ಸರಿಯಾದ ಅಳತೆಯ ಸ್ಟೆಂಟ್ ಆರಿಸಲು ಅದರಿಂದ ಸಹಾಯವಾಗಬಹುದು. ಅದಕ್ಕೆ ಪ್ರತಿಯಾಗಿ ಡಾಕ್ಟರ ಬೆರಳಿಗೆ ಸಿಗುವ ಸ್ಪರ್ಶ ಹೋಗುತ್ತದೆ. ಎಳೆ ಬಿಗಿಯಾಯಿತೆಂಬುದು ನೂಲುವವನ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದಲ್ಲವೆ, ಹಾಗೆಯೇ ತಂತಿ ನಾಳದ ಗೋಡೆಗೆ ಒತ್ತಿದ್ದು ಬೆರಳಿಗೆ ಮೊದಲು ಗೊತ್ತಾಗುತ್ತದೆ. ಇಷ್ಟೆಲ್ಲ ಕೂಡಿ ಕಳೆದ ಮೇಲೆ ಉಳಿಯುವುದು “ಕೈಗಿಂತ ಕೀಳಲ್ಲ” ಎಂಬ ಮಾತು. “ಕೈಗಿಂತ ಮೇಲು” ಎಂಬುದಕ್ಕೆ ಆಧಾರವಿಲ್ಲ. ರೋಬೋಟಿನಿಂದ ಚಿಕಿತ್ಸೆ ಪಡೆದವರು ಕೈಯಿಂದ ಪಡೆದವರಿಗಿಂತ ಕಡಿಮೆ ಸತ್ತರು, ಅವರಿಗೆ ಮತ್ತೆ ಹೃದಯಾಘಾತವಾದದ್ದು ಕಡಿಮೆ ಎಂದು ಚೀಟಿ ಎತ್ತಿ ಸಾವಿರಾರು ಜನರನ್ನು ಎರಡು ಗುಂಪು ಮಾಡಿ ತೋರಿಸಿಕೊಟ್ಟ ಪರೀಕ್ಷೆ ಇಲ್ಲ. ಫಲಕಗಳ ಮೇಲಿನ ದೊಡ್ಡ ಅಕ್ಷರಗಳ ಕೆಳಗೆ ಈ ಮಾತನ್ನು ಸಣ್ಣ ಅಕ್ಷರದಲ್ಲಿಯಾದರೂ ಬರೆಯಬಾರದೆ?

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿ ಮುಗಿಸುತ್ತೇವೆ. ಸ್ಟೆಂಟನ್ನು ಎಷ್ಟು ನಯವಾಗಿ ಇಟ್ಟರು ಎಂಬುದಕ್ಕಿಂತ ಮೊದಲು, ಅದು ಬೇಕಾಗಿತ್ತೇ ಎಂಬ ಪ್ರಶ್ನೆಯಿದೆ. ಹೃದಯಾಘಾತದ ಸಮಯದಲ್ಲಿ ಮುಚ್ಚಿದ ನಾಳವನ್ನು ಬಿಡಿಸುವುದರಿಂದ ಜೀವ ಉಳಿಯುತ್ತದೆ, ಅದರಲ್ಲಿ ವಾದವಿಲ್ಲ. ಆದರೆ ಸ್ಥಿರವಾದ ಎದೆನೋವಿನ ರೋಗಿಗಳ ಸಂಗತಿ ಬೇರೆ. 37 ದೇಶಗಳಲ್ಲಿ 5,179 ಜನರ ಮೇಲೆ ನಡೆದು 2020ರಲ್ಲಿ ಅಚ್ಚಾದ ಇಸ್ಕೀಮಿಯಾ ಎಂಬ ಪರೀಕ್ಷೆಯಲ್ಲಿ, ಮೊದಲಿಗೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ ಮೊದಲು ಔಷಧಿಯಲ್ಲೇ ಇದ್ದವರಿಗೂ ಸಾವು, ಹೃದಯಾಘಾತಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೋವು ಕಡಿಮೆಯಾಗುವುದು ನಿಜ. ಜೀವ ಉಳಿಯುವ ಲೆಕ್ಕ ಬೇರೆ. ಬೇಡದ ಬಾವಿಯನ್ನು ಯಂತ್ರದಿಂದ ತೋಡಿದರೇನು, ಗುದ್ದಲಿಯಿಂದ ತೋಡಿದರೇನು?

ಹಾಗಾದರೆ ಈ ಯಂತ್ರದಿಂದ ಸಾಧಿತವಾದ ಲಾಭ ಯಾವುದು? ಡಾಕ್ಟರ ಮೈಗೆ ಬೀಳುವ ಕಿರಣ ತಪ್ಪಿದ್ದು. ಇದು ಸಣ್ಣ ಲಾಭವೆಂದು ನಾವು ಹೇಳುವುದಿಲ್ಲ. ದಿನವಿಡೀ ಸೀಸದ ಅಂಗಿ ಹೊತ್ತು ನಿಂತವರ ಸೊಂಟ, ಕುತ್ತಿಗೆ ಹೋಗುತ್ತವೆ. ಕಣ್ಣಿಗೆ ಪೊರೆ ಬರುತ್ತದೆ. ಈ ಬಗೆಯ ಕೆಲಸದಲ್ಲಿದ್ದು ತಲೆ, ಕುತ್ತಿಗೆಗಳಲ್ಲಿ ಗಡ್ಡೆ ಕಾಣಿಸಿಕೊಂಡ 31 ಡಾಕ್ಟರ ವಿವರಗಳನ್ನು 2013ರಲ್ಲಿ ಪ್ರಕಟಿಸಿದರು. ಗಡ್ಡೆ ಯಾವ ಮಗ್ಗುಲಿನದೆಂದು ಗೊತ್ತಿದ್ದ 26 ಜನರಲ್ಲಿ 22 ಮಂದಿಗೆ ಅದು ಎಡಗಡೆ ಇತ್ತು. ಮೇಜಿನ ಪಕ್ಕದಲ್ಲಿ ನಿಂತಾಗ ಕಿರಣದ ಕಡೆಗೆ ಇರುವುದು ಎಡಮಗ್ಗುಲೇ. ಇಷ್ಟರಿಂದಲೇ ಕಿರಣದಿಂದ ಗಡ್ಡೆ ಬಂತೆಂದು ಸಾಧಿಸಿದಂತಾಗುವುದಿಲ್ಲ, ಆದರೆ ಹೊಟ್ಟೆಯಲ್ಲಿ ಕಳವಳ ಹುಟ್ಟಿಸಲು ಸಾಕು. ಡಾಕ್ಟರೂ ದುಡಿಯುವವರೇ. ಹತ್ತಿಯ ಧೂಳು ಕುಡಿದು ಎದೆ ಕೆಡಿಸಿಕೊಂಡ ಗಿರಣಿಯವನಿಗೆ, ಕಿರಣ ಕುಡಿದು ಮೈ ಕೆಡಿಸಿಕೊಳ್ಳುವ ಡಾಕ್ಟರ ಸಂಕಟ ಅರ್ಥವಾಗದೆ ಇರುವುದಿಲ್ಲ. ಅವರಿಗೆ ಕವಚ ಬೇಕು. ಕೊಡಲಿ.

ಯಾರು ಕೊಡಬೇಕು?

ಇಲ್ಲಿ ಗಿರಣಿಯ ಕಾಯಿದೆಯನ್ನು ಜ್ಞಾಪಿಸಿಕೊಳ್ಳಬೇಕು. 1948ರಲ್ಲಿ ಬಂದ ಕಾರ್ಖಾನೆ ಕಾಯಿದೆ, ತಿರುಗುವ ಯಂತ್ರಭಾಗಗಳಿಗೆ ಬೇಲಿ ಹಾಕತಕ್ಕದ್ದೆಂದು ಮಾಲೀಕನಿಗೆ ವಿಧಿಸಿತು. ಅದರ 114ನೆಯ ಕಲಮು, ಕಾಯಿದೆಯಂತೆ ಒದಗಿಸಬೇಕಾದ ಏರ್ಪಾಡುಗಳಿಗಾಗಿ ಕೆಲಸಗಾರನಿಂದ ಯಾವ ಶುಲ್ಕವನ್ನೂ ವಸೂಲು ಮಾಡಕೂಡದೆಂದು ಹೇಳಿತು. ಆ ಮಾತು ಕಾಯಿದೆಯ ಪುಸ್ತಕಕ್ಕೆ ಸುಮ್ಮನೆ ಬರಲಿಲ್ಲ. ಬೆರಳು ಕಳೆದುಕೊಂಡವರು, ಕೈ ಕಳೆದುಕೊಂಡವರು ಅದರ ಹಿಂದೆ ಇದ್ದಾರೆ. ಅದರ ತತ್ತ್ವ ಎಲ್ಲರಿಗೂ ತಿಳಿಯುವಂಥದು: ದುಡಿಯುವವನ ರಕ್ಷಣೆ ದುಡಿಸಿಕೊಳ್ಳುವವನ ಖರ್ಚು. ಪಟ್ಟಿಗೆ ಬೇಲಿ ಹಾಕಿದೆನೆಂದು ಧಣಿ ನಮ್ಮ ಪಗಾರದಲ್ಲಿ ಹಿಡಿಯುವಂತಿಲ್ಲ. “ಬೇಲಿಯ ಬಾಬತ್ತು ಇಷ್ಟು” ಎಂದು ಸೀರೆಯ ಚೀಟಿಗೆ ಬೇರೆ ಸಾಲು ಬರೆದು ಗಿರಾಕಿಯಿಂದ ಕೀಳಿದರೆ ಪೇಟೆಯೇ ನಕ್ಕೀತು. ಆದರೆ ಆಸ್ಪತ್ರೆಯಲ್ಲಿ ನಡೆಯುವುದು ಇದೇ. ಡಾಕ್ಟರ ರಕ್ಷಣೆಗೆ ಬಂದ ಯಂತ್ರವನ್ನು ರೋಗಿಯ ಲಾಭಕ್ಕೆ ಬಂದ ಯಂತ್ರವೆಂದು ಹೇಳಿ, ಅದರ ಪೆಟ್ಟಿಗೆ, ಅದರ ಬಾಡಿಗೆ, ಅದರ ದರ್ಜೆ ಎಲ್ಲವನ್ನೂ ಮಂಚದ ಮೇಲೆ ಮಲಗಿದವನ ಬಿಲ್ಲಿಗೆ ಹಾಕುವುದು. ನಮ್ಮ ತಕರಾರು ಯಂತ್ರದ ಮೇಲಲ್ಲ, ಆ ಸಾಲಿನ ಮೇಲೆ.

ಆ ಕವಚವಾದರೂ ಎಲ್ಲರಿಗೆ ಸಿಕ್ಕಿತೆ? ಡಾಕ್ಟರು ಮರೆಯ ಹಿಂದೆ ಕೂತರು ಸರಿ. ಮಂಚದ ಪಕ್ಕದಲ್ಲಿ ಪೆಟ್ಟಿಗೆಗೆ ತಂತಿ ತೊಡಿಸುವವರು ಯಾರು, ಸ್ಟೆಂಟ್ ಬದಲಾಯಿಸಿ ಕೊಡುವವರು ಯಾರು, ರೋಗಿ ನರಳಿದರೆ ಕೈ ಹಿಡಿಯುವವರು ಯಾರು? ನರ್ಸಮ್ಮ, ತಂತ್ರಜ್ಞ. ಅವರು ಕೋಣೆಯಲ್ಲೇ ಇದ್ದಾರೆ, ಸೀಸದ ಅಂಗಿ ಅವರ ಮೈಮೇಲೇ ಇದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯ ನಿಯಮದಂತೆ ಕಿರಣದ ಕೆಲಸದವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲ್ಲಿಸೀವರ್ಟ್ ಮೀರಕೂಡದು, ಯಾವುದೇ ಒಂದು ವರ್ಷದಲ್ಲಿ 30 ಮೀರಕೂಡದು. ಅದನ್ನು ಅಳೆಯಲು ಎದೆಗೆ ಬಿಲ್ಲೆ ಹಾಕಿಕೊಳ್ಳಬೇಕು. ಗುತ್ತಿಗೆಯ ಮೇಲೆ ಬಂದು, ವರ್ಷ ತುಂಬುವ ಮೊದಲೇ ಇನ್ನೊಂದು ಆಸ್ಪತ್ರೆಗೆ ಹೋಗುವ ಹುಡುಗನ ಬಿಲ್ಲೆಯ ಲೆಕ್ಕವನ್ನು ಅವನ ಹಿಂದೆ ಒಯ್ದು ಕೂಡಿಸುವವರು ಯಾರು? ಕೋಟಿಗಟ್ಟಲೆಯ ತೋಳು ತರಿಸಿದ ಆಸ್ಪತ್ರೆಯನ್ನು ಕೇಳಬೇಕಾದದ್ದು ಇದನ್ನು. ಜಾಹೀರಾತಿನ ಚಿತ್ರದಲ್ಲಿ ಡಾಕ್ಟರಿದ್ದಾರೆ, ತೋಳಿದೆ. ನರ್ಸಮ್ಮ ಮಾತ್ರ ಚೌಕಟ್ಟಿನ ಹೊರಗೆ.

ಬಿಲ್ಲಿನ ಮಾತಿಗೆ ಬಂದರೆ ಸ್ಟೆಂಟಿನ ಕಥೆಯನ್ನು ವ್ಯಾಪಾರಿ ಬಂಧುಗಳು ಮರೆಯಬಾರದು. ಬೀರೇಂದ್ರ ಸಾಂಗ್ವಾನ್ ಎಂಬ ವಕೀಲರು ದೆಹಲಿಯ ಹೈಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2016ರಲ್ಲಿ ಸ್ಟೆಂಟನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದರು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಔಷಧ ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿ, ಲೇಪವಿಲ್ಲದ್ದಕ್ಕೆ 7,260 ರೂಪಾಯಿ ಎಂದು ಕಟ್ಟುಮಾಡಿತು. ಅದಕ್ಕೆ ಮುಂಚೆ ಲೇಪದ ಸ್ಟೆಂಟಿನ ಸರಾಸರಿ ಅಚ್ಚುಬೆಲೆ 1,21,400 ರೂಪಾಯಿ! ಆಸ್ಪತ್ರೆಯ ಹಂತದಲ್ಲಿ ನೂರಕ್ಕೆ 654ರವರೆಗೆ ಲಾಭ ಏರಿಸಿದ್ದನ್ನು ಪ್ರಾಧಿಕಾರದ ಅಂಕಿಗಳೇ ಹೊರಗೆ ಹಾಕಿದವು. ಒಂದು ಸೇರು ಬೇಳೆಯ ಮೇಲೆ ಎಂಟಾಣೆ ಹೆಚ್ಚು ತೆಗೆದುಕೊಂಡರೆ ಕಿರಾಣಿಯವನನ್ನು ಬೀದಿಗೆಳೆಯುವ ಸಮಾಜದಲ್ಲಿ, ಎದೆ ಹಿಡಿದುಕೊಂಡು ಬಂದವನಿಂದ ಆರು ಪಟ್ಟು ಲಾಭ ತೆಗೆದವರಿಗೆ ಸಭೆಗಳಲ್ಲಿ ಹಾರ. ಬೆಲೆ ಕಟ್ಟಿದ ಕೂಡಲೆ ಕೆಲವು ವಿದೇಶೀ ಕಂಪನಿಗಳು ತಮ್ಮ ಮೇಲ್ದರ್ಜೆಯ ಸ್ಟೆಂಟುಗಳನ್ನು ಈ ದೇಶದ ಪೇಟೆಯಿಂದ ಹಿಂದಕ್ಕೆ ಪಡೆಯಲು ಅಪ್ಪಣೆ ಕೇಳಿದವು.

ಸ್ಟೆಂಟಿಗೆ ಕಟ್ಟುಬೆಲೆಯಿದೆ. ರೋಬೋಟಿನ ಪೆಟ್ಟಿಗೆಗೆ, ರೋಬೋಟಿನ ಬಾಡಿಗೆಗೆ ಅಂಥ ಕಟ್ಟುಬೆಲೆಯಿಲ್ಲ. ಮುಂಬಾಗಿಲಲ್ಲಿ ಅಡ್ಡ ಹಾಕಿದ ಲಾಭ ಹಿತ್ತಿಲ ಬಾಗಿಲಿಂದ ಬರುವುದನ್ನು ತಡೆಯುವವರಿಲ್ಲ. ಆರೋಗ್ಯ ವಿಮೆ ಇದೆ ಎಂದು ಧೈರ್ಯವಾಗಿರುವ ಅಂಗಡಿಕಾರರು ತಮ್ಮ ಪಾಲಿಸಿಯನ್ನು ತೆಗೆದು ಓದಬೇಕು. ರೋಬೋಟ್ ಶಸ್ತ್ರಕ್ರಿಯೆಯನ್ನು ವಿಮೆಯಿಂದ ಹೊರಗಿಡಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೇಳಿತು; ಆದರೆ ಅದಕ್ಕೆ ಒಳಮಿತಿ ಹಾಕಲು ಕಂಪನಿಗಳಿಗೆ ಅವಕಾಶ ಕೊಟ್ಟಿತು. ಐದು ಲಕ್ಷದ ಪಾಲಿಸಿ ಎಂದುಕೊಂಡು ಮಲಗಿದವನು, ಏಳುವಾಗ ಮಿತಿ ಮೀರಿದ ಹಣವನ್ನು ಗಲ್ಲಾಪೆಟ್ಟಿಗೆಯಿಂದ ಎಣಿಸಬೇಕಾದೀತು.

ನಮ್ಮ ರಾಜ್ಯದಲ್ಲಿ ಇದಕ್ಕೆ ಲಗಾಮು ಹಾಕುವ ಸಂದರ್ಭವೊಂದು ಬಂದಿತ್ತು. 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ತಿದ್ದುಪಡಿಯನ್ನು ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಂದಾಗ, ನವೆಂಬರಿನಲ್ಲಿ ಖಾಸಗಿ ಡಾಕ್ಟರು ಆಸ್ಪತ್ರೆಗಳ ಬಾಗಿಲು ಹಾಕಿ ಮುಷ್ಕರ ಹೂಡಿದರು. ಕಡೆಗೆ ಮಸೂದೆಯ ಹಲ್ಲು ಕಿತ್ತೇ ಅಂಗೀಕಾರವಾಯಿತು. ಸರ್ಕಾರದ ಯೋಜನೆಗಳ ರೋಗಿಗಳನ್ನು ಬಿಟ್ಟರೆ ಉಳಿದವರ ದರ ಆಸ್ಪತ್ರೆಯ ಚಿತ್ತಕ್ಕೇ ಉಳಿಯಿತು. ಗಿರಣಿಯವರು ಪಗಾರಕ್ಕಾಗಿ ಮುಷ್ಕರ ಹೂಡಿದರೆ ದೇಶದ ಉತ್ಪಾದನೆ ಕೆಟ್ಟಿತೆಂದು ಬೊಬ್ಬೆ ಹಾಕುವ ಪತ್ರಿಕೆಗಳು ಅಂದು ಬಹಳ ಸಂಯಮದಿಂದ ಬರೆದವು.

ಇನ್ನು “ದೂರದಿಂದ ಆಪರೇಷನ್” ಎಂಬ ಮಾಯಾಬಜಾರು. 2018ರ ಡಿಸೆಂಬರಿನಲ್ಲಿ ಅಹಮದಾಬಾದಿನ ಹೃದಯ ತಜ್ಞ ತೇಜಸ್ ಪಟೇಲರು ಗಾಂಧಿನಗರದ ಅಕ್ಷರಧಾಮ ದೇವಾಲಯದ ಆವರಣದಲ್ಲಿ ಕೂತು, ಸುಮಾರು 32 ಕಿಲೋಮೀಟರು ದೂರದ ತಮ್ಮ ಆಸ್ಪತ್ರೆಯಲ್ಲಿ ಮಲಗಿದ್ದ ಐವರು ರೋಗಿಗಳಿಗೆ ರೋಬೋಟಿನ ಮೂಲಕ ಸ್ಟೆಂಟ್ ಇಟ್ಟರು. ಐದೂ ಗೆದ್ದವು. ಸಾಹಸವೆಂದು ಮೆಚ್ಚೋಣ, ಪಟೇಲರ ಕೈಚಳಕದ ಬಗ್ಗೆ ನಮಗೆ ಸಂಶಯವಿಲ್ಲ. 2025ರ ಜನವರಿಯಲ್ಲಿ ಸ್ವದೇಶದಲ್ಲೇ ತಯಾರಾದ ಮಂತ್ರ ಎಂಬ ಬೇರೊಂದು ಬಗೆಯ ರೋಬೋಟಿನಿಂದ, ಗುರುಗ್ರಾಮದಲ್ಲಿ ಕೂತು 286 ಕಿಲೋಮೀಟರು ದೂರದ ಜಯಪುರದ ರೋಗಿಗಳಿಗೆ ಬೈಪಾಸ್ ಸಂಬಂಧದ ಶಸ್ತ್ರಕ್ರಿಯೆಯನ್ನೂ ನಡೆಸಿದರು. ನಮ್ಮವರೇ ಕಡಿಮೆ ಬೆಲೆಗೆ ಯಂತ್ರ ಮಾಡಿದರೆಂಬುದು ಹೆಮ್ಮೆಯ ಸಂಗತಿಯೇ. ಆದರೆ ಇದರ ಬೆನ್ನಲ್ಲೇ “ಇನ್ನು ಹಳ್ಳಿಯ ಬಡವನಿಗೂ ದಿಲ್ಲಿಯ ಡಾಕ್ಟರು” ಎಂಬ ಪ್ರಚಾರ ಬಂತಲ್ಲ, ಅದನ್ನು ಸ್ವಲ್ಪ ತಿರುವಿ ನೋಡೋಣ.

ಅಹಮದಾಬಾದಿನಲ್ಲಿ ಮಂಚದ ಪಕ್ಕ ಯಾರೂ ಇರಲಿಲ್ಲವೆ? ಪೂರ್ತಿ ತಂಡವಿತ್ತು. ನಾಳ ಚುಚ್ಚಲು ಕೈ ಬೇಕು. ತಂತಿ ನಾಳವನ್ನು ತೂತು ಮಾಡಿ ಹೃದಯದ ಸುತ್ತಿನ ಚೀಲಕ್ಕೆ ರಕ್ತ ತುಂಬಿದರೆ, ಆ ಕ್ಷಣದಲ್ಲೇ ಸೂಜಿ ಹಾಕಿ ರಕ್ತ ತೆಗೆಯಲು, ಒಡೆದ ಜಾಗ ಮುಚ್ಚಲು ಅಲ್ಲಿಯೇ ಪಳಗಿದ ಡಾಕ್ಟರು ಬೇಕು. ಎಕ್ಸ್‌ರೇ ಯಂತ್ರದ ಕೋಣೆ ಬೇಕು, ಕಡಿಯದ ವಿದ್ಯುತ್ತು ಬೇಕು, ರಕ್ತನಿಧಿ ಬೇಕು. ಇಷ್ಟೆಲ್ಲ ತಾಲ್ಲೂಕಿನಲ್ಲಿ ಬಂದು, ಆ ಡಾಕ್ಟರೂ ಅಲ್ಲಿ ನೆಲೆಸಿದರೆ, ಆಂಜಿಯೋಪ್ಲಾಸ್ಟಿಯನ್ನು ಅವರೇ ಮಾಡುತ್ತಾರಲ್ಲ! ಅವು ಇಲ್ಲದಿದ್ದರೆ ಗಾಂಧಿನಗರದ ಹಿಡಿಕೆ ನಮ್ಮ ತಾಲ್ಲೂಕಿನ ಮಂಚಕ್ಕೆ ಏನು ಮಾಡೀತು? ಅಳಿಯನಿಗೆ ಕುದುರೆ ಕೊಡುತ್ತೇನೆ, ಲಾಯ, ಹುಲ್ಲು, ಸವಾರ ನೀವೇ ನೋಡಿಕೊಳ್ಳಿ ಎಂದ ಮಾವನ ಉದಾರತೆ ಇದು.

ಹೃದಯಾಘಾತದಲ್ಲಿ ಕೊಲ್ಲುವುದು ಹೊತ್ತು. ನಾಳ ಮುಚ್ಚಿದ ಪ್ರತಿ ನಿಮಿಷವೂ ಸ್ನಾಯು ಸಾಯುತ್ತದೆ. ಆಸ್ಪತ್ರೆ ಮುಟ್ಟಿದ 90 ನಿಮಿಷದೊಳಗೆ ಬಲೂನು ಉಬ್ಬಿಸಬೇಕೆಂಬುದು ವೈದ್ಯರದೇ ಗುರಿ; ಅದು ಆಗದ ಕಡೆ ಹೆಪ್ಪು ಕರಗಿಸುವ ಚುಚ್ಚುಮದ್ದು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನಿಗೆ ಮಧ್ಯಾಹ್ನ ಎದೆ ಉರಿದರೆ ಗ್ಯಾಸು ಎಂದು ಸೋಡಾ ಕುಡಿದು ಸಂಜೆಯವರೆಗೆ ತಳ್ಳುತ್ತಾನೆ. ಅರ್ಧ ದಿನದ ಕೂಲಿ ಬಿಡಲು ಅವನಿಗೆ ಧೈರ್ಯವಿಲ್ಲ. ಇಸಿಜಿ ತೆಗೆಯುವ ಯಂತ್ರ ಹತ್ತಿರದಲ್ಲಿ ಇದ್ದರೂ ತೆಗೆಯುವವರು ಇರಬೇಕು, ಓದುವವರು ಇರಬೇಕು. ಇದಕ್ಕೆಂದೇ ನಮ್ಮ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆಯನ್ನು ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ಓದಿ ಹೇಳುವುದು, ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಪುಕ್ಕಟೆ ಕೊಟ್ಟು ಮುಂದಕ್ಕೆ ಕಳಿಸುವುದು. ಸರ್ಕಾರದ ಎಷ್ಟೋ ಕೆಲಸಗಳನ್ನು ನಾವು ಬೈದಿದ್ದೇವೆ. ಇದು ಒಳ್ಳೆಯ ಕೆಲಸ. ದೂರದ ಕಣ್ಣು ಬಡವನಿಗೆ ಉಪಯೋಗಕ್ಕೆ ಬರುವುದು ಹೀಗೆ. 2025ರ ಜೂನ್, ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿ ಕೇಳಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು ನಿಂತ ಜನ ಕೇಳಿದ್ದು ರೋಬೋಟನ್ನಲ್ಲ, ಒಂದು ಇಸಿಜಿಯನ್ನು.

ಮಾರುಕಟ್ಟೆಯ ಭಕ್ತರಿಗಾಗಿ ಒಂದು ಮಾತು. ಕೋರ್‌ಪಾತ್ ತಯಾರಿಸಿದ ಕೊರಿಂಡಸ್ ಕಂಪನಿಯನ್ನು 2019ರಲ್ಲಿ ಜರ್ಮನಿಯ ಸೀಮೆನ್ಸ್ ಹೆಲ್ತಿನಿಯರ್ಸ್ 110 ಕೋಟಿ ಡಾಲರು ಕೊಟ್ಟು ಕೊಂಡಿತು. ಹೃದಯ ಚಿಕಿತ್ಸೆಯ ಭವಿಷ್ಯವೇ ಇದೆಂದು ಆಗ ಡಂಗುರ. 2023ರಲ್ಲಿ ಅದೇ ಕಂಪನಿ ಹೃದಯದ ನಾಳಗಳ ಬಾಬತ್ತನ್ನು ಕೈಬಿಟ್ಟು, ಮಿದುಳಿನ ನಾಳಗಳ ಕಡೆಗೆ ತಿರುಗುವುದಾಗಿ ಪ್ರಕಟಿಸಿತು. ನಾಲ್ಕು ವರ್ಷಕ್ಕೆ ಭವಿಷ್ಯ ಮುಗಿಯಿತು! ಲಾಭವೆಲ್ಲಿದೆ ಎಂಬುದನ್ನು ಮೂಸಿ ನೋಡುವುದರಲ್ಲಿ ಇಂಥ ಕಂಪನಿಗಳಿಗೆ ಸಮಾನರಿಲ್ಲ. ಅವರೇ ಬಿಟ್ಟುಕೊಟ್ಟದ್ದನ್ನು ರೋಗಿಯ ಪಾಲಿನ ಪರಮ ವರವೆಂದು ಮಾರುವವರು, ಪೆಟ್ಟಿಗೆ ಸಿಗದೆ ತೋಳು ಮೂಲೆ ಸೇರಿದ ದಿನ ಅದರ ಸಾಲದ ಬಡ್ಡಿಯನ್ನು ಯಾವ ರೋಗಿಯ ಬಿಲ್ಲಿಗೆ ಹಾಕುತ್ತಾರೆಂಬುದನ್ನೂ ಹೇಳಬೇಕು.

ನಾವು ಕೇಳುವುದು ಹೆಚ್ಚೇನೂ ಅಲ್ಲ. ಈ ಯಂತ್ರದಿಂದ ರೋಗಿಗೆ ಹಿತವಿದೆಯೋ ಇಲ್ಲವೋ ಎಂಬುದನ್ನು ಜಯದೇವದಂಥ ಸರ್ಕಾರಿ ಸಂಸ್ಥೆಯಲ್ಲಿ, ಸರ್ಕಾರದ ಹಣದಲ್ಲಿ, ಒಪ್ಪಿದ ರೋಗಿಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಪರೀಕ್ಷಿಸಲಿ. ವರ್ಷಕ್ಕೆ ಸಾವಿರಾರು ಆಂಜಿಯೋಪ್ಲಾಸ್ಟಿ ನಡೆಯುವ ಸಂಸ್ಥೆ ಅದು; ರೋಗಿಗಳ ಕೊರತೆಯಿಲ್ಲ, ತಜ್ಞರ ಕೊರತೆಯಿಲ್ಲ. ನರ್ಸು, ತಂತ್ರಜ್ಞರ ಬಿಲ್ಲೆಯ ಲೆಕ್ಕವೂ ಆ ಪರೀಕ್ಷೆಯಲ್ಲಿ ಸೇರಲಿ. ಹಿತವಿದೆಯೆಂದು ಗೊತ್ತಾದರೆ ಸ್ಟೆಂಟಿನಂತೆಯೇ ಪೆಟ್ಟಿಗೆಗೂ ಕಟ್ಟುಬೆಲೆ ಹಾಕಿ, ಕಾರ್ಮಿಕರ ವಿಮಾ ಆಸ್ಪತ್ರೆಯ ರೋಗಿಗೂ ಅದು ಸಿಗಲಿ. ಹಿತ ಡಾಕ್ಟರಿಗೆ ಮಾತ್ರ ಎಂದು ಗೊತ್ತಾದರೆ, ಸೀಸದ ಅಂಗಿಯನ್ನು ಯಾರು ಕೊಳ್ಳುತ್ತಾರೋ ಅವರೇ ಇದನ್ನೂ ಕೊಳ್ಳಲಿ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸವೊಂದಿದೆ. ಹೃದಯಾಘಾತವಾದ ಹೊತ್ತಿನಲ್ಲಿ ರೋಬೋಟ್ ಎಲ್ಲಿದೆಯೆಂದು ಹುಡುಕಬೇಡಿ. ಹತ್ತಿರದ ಇಸಿಜಿ ಎಲ್ಲಿದೆಯೆಂದು ಇಂದೇ ತಿಳಿದುಕೊಂಡಿರಿ. ಅವಸರವಿಲ್ಲದ ಚಿಕಿತ್ಸೆಗೆ ಅಂದಾಜುಪಟ್ಟಿ ಕೊಟ್ಟಾಗ ಅದರಲ್ಲಿ ರೋಬೋಟಿನ ಹೆಸರಿನ ಸಾಲು ಇದ್ದರೆ, ಈ ಯಂತ್ರವಿಲ್ಲದೆ ಮಾಡಿದರೆ ನನಗೇನು ನಷ್ಟ ಎಂಬುದನ್ನು ಬರಹದಲ್ಲಿ ಕೊಡಿ ಎಂದು ಕೇಳಿ. ಕೊಟ್ಟ ಉತ್ತರವನ್ನೂ ಪಟ್ಟಿಯನ್ನೂ ನಮ್ಮ ಕಚೇರಿಗೆ ತನ್ನಿ. ನಿಮ್ಮ ಹೆಸರು ಮುಚ್ಚಿ, ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಅಚ್ಚು ಹಾಕುತ್ತೇವೆ.